ಟೆಕ್ಸಸ್‌ನಲ್ಲಿ ಮನೆಗೆ ಕಟ್ಟಿದ ಬೆಲೆ ಜಾಸ್ತಿಯಾಯಿತೇ? ಪ್ರೊಟೆಸ್ಟ್ ಮಾಡುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತೆಂದರೆ ಟೆಕ್ಸಸ್‌ನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ನಿಮ್ಮನೇದು ಎಷ್ಟು ಬಂತು?" ಕೌಂಟಿಯಲ್ಲಿ ಆಸ್ತಿಗಳಿಗೆ ಬೆಲೆ ಕಟ್ಟುವ ಕಚೇರಿ, ಅಂದರೆ ಅಪ್ರೈಸಲ್ ಡಿಸ್ಟ್ರಿಕ್ಟ್, ಕಳಿಸಿದ ನೋಟಿಸಿನ ಮಾತು ಅದು. ನಿಮ್ಮ ಮನೆಗೆ ಇಷ್ಟು ಬೆಲೆ ಎಂದು ಅದರಲ್ಲಿ ಬರೆದಿರುತ್ತದೆ. ವರ್ಷದ ಕೊನೆಗೆ ಬರುವ ತೆರಿಗೆ ಬಿಲ್ಲು ನಿಲ್ಲುವುದು ಅದರ ಮೇಲೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆ ಖುಷಿಯ ಬಾಬ್ತು ವಸೂಲಾಗುವುದು ಇಲ್ಲಿ. ಶಾಲಾ ಜಿಲ್ಲೆ, ಕೌಂಟಿ, ನಗರ ಎಲ್ಲ ಸೇರಿ ಅನೇಕ ಕಡೆ ಬೆಲೆಯ ಶೇ 2ರ ಆಸುಪಾಸು ಆಗುತ್ತದೆ.

ಆ ಬೆಲೆಗೆ ತಕರಾರು ಹಾಕುವ ಹಕ್ಕು ಪ್ರತಿ ವರ್ಷವೂ ನಿಮಗಿದೆ. ಎಲ್ಲರೂ ಇದನ್ನು ಪ್ರೊಟೆಸ್ಟ್ ಅಂತಲೇ ಕರೆಯುತ್ತಾರೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. "ತಕರಾರು ಹಾಕಿದರೆ ಇನ್ನೂ ಏರಿಸಿಬಿಟ್ಟರೆ?" ಎಂಬ ಹೆದರಿಕೆ ಹಲವರಿಗಿದೆ. 2019ರ ತೆರಿಗೆ ಸುಧಾರಣೆ ಕಾನೂನು ಬಂದ ಮೇಲೆ ಅದಕ್ಕೆ ಅರ್ಥವಿಲ್ಲ. ನೀವಾಗಿ ಒಪ್ಪದೆ ವಿಚಾರಣಾ ಬೋರ್ಡು ಡಿಸ್ಟ್ರಿಕ್ಟ್ ಕಟ್ಟಿದ ಬೆಲೆಗಿಂತ ಮೇಲೆ ಹೋಗುವಂತಿಲ್ಲ.

ಹೆಚ್ಚಿನವರು ಎಡವುವುದು ಬೇರೆ ಕಡೆ. ತೆರಿಗೆ ಜಾಸ್ತಿಯಾಯಿತು, ಕಟ್ಟಲಾಗುತ್ತಿಲ್ಲ ಎಂದು ಹೇಳಿಕೊಳ್ಳುತ್ತಾರೆ. ತೆರಿಗೆಯ ದರ ಗೊತ್ತುಮಾಡುವವರು ಬೇರೆ, ಬೆಲೆ ಕಟ್ಟುವವರು ಬೇರೆ. ನಿಮ್ಮ ಎದುರು ಕೂರುವವರಿಗೆ ದರದ ಮೇಲೆ ಅಧಿಕಾರವೇ ಇಲ್ಲ. ಅವರ ಮುಂದೆ ಇರುವುದು ಒಂದೇ ಪ್ರಶ್ನೆ: ಈ ವರ್ಷದ ಜನವರಿ 1ರಂದು ಈ ಮನೆಗೆ ಈ ಬೆಲೆ ಸರಿಯೇ? ಉತ್ತರ ಬಹುಪಾಲು ಅವರದೇ ದಾಖಲೆಗಳಲ್ಲಿ ಸಿಗುತ್ತದೆ. ಅದನ್ನು ಹುಡುಕಿ ತೆಗೆಯುವುದೇ ಇಲ್ಲಿನ ಕೆಲಸ.

ಮೊದಲು: ನೋಟಿಸಿನಲ್ಲಿರುವ ಎರಡು ಬೆಲೆ

ನೋಟಿಸ್ ಕೈಗೆ ಬಂದ ಕೂಡಲೇ ಸಿಟ್ಟಾಗಬೇಡಿ, ಓದಿ. ಸ್ವಂತ ವಾಸದ ಮನೆಯಾದರೆ ಅದರಲ್ಲಿ ಎರಡು ಬೆಲೆ ಇರುತ್ತವೆ. ಒಂದು ಮಾರ್ಕೆಟ್ ವ್ಯಾಲ್ಯೂ. ಮಾರಿದರೆ ಇಷ್ಟು ಬರುತ್ತದೆ ಎಂದು ಅವರು ಅಂದಾಜಿಸಿದ ಮೊತ್ತ. ಇನ್ನೊಂದು ಅಪ್ರೈಸ್ಡ್ ವ್ಯಾಲ್ಯೂ. ವಿನಾಯಿತಿ ಕಳೆದು ತೆರಿಗೆ ಹಾಕುವುದು ಇದರ ಮೇಲೆ. ಹೋಮ್‌ಸ್ಟೆಡ್ ವಿನಾಯಿತಿ (ಸ್ವಂತ ವಾಸದ ಮನೆಗೆ ಅರ್ಜಿ ಹಾಕಿ ಪಡೆಯುವ ತೆರಿಗೆ ರಿಯಾಯಿತಿ) ಇರುವ ಮನೆಗೆ ಈ ಎರಡನೆಯ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಹೊಸದಾಗಿ ಕಟ್ಟಿದ ಕೋಣೆಯೋ ಈಜುಕೊಳವೋ ಇದ್ದರೆ ಅದರ ಬೆಲೆ ಮಾತ್ರ ಪ್ರತ್ಯೇಕವಾಗಿ ಸೇರುತ್ತದೆ. ಈ ಮಿತಿಯನ್ನೇ ಜನ ಕ್ಯಾಪ್ ಅನ್ನುವುದು.

ಒಂದು ಉದಾಹರಣೆ ನೋಡೋಣ. ಕಳೆದ ವರ್ಷ ಅಪ್ರೈಸ್ಡ್ ವ್ಯಾಲ್ಯೂ 4,00,000 ಡಾಲರ್ ಇತ್ತು. ಈ ವರ್ಷ ಮಾರ್ಕೆಟ್ ವ್ಯಾಲ್ಯೂ 5,20,000 ಅಂತ ಬಂದಿದೆ. ಕ್ಯಾಪ್ ಇರುವುದರಿಂದ ತೆರಿಗೆ ಬೀಳುವುದು 4,40,000ದ ಮೇಲೆ. ನೀವು ಒದ್ದಾಡಿ ಮಾರ್ಕೆಟ್ ವ್ಯಾಲ್ಯೂವನ್ನು 4,90,000ಕ್ಕೆ ಇಳಿಸಿದರೂ ಈ ವರ್ಷ ಒಂದು ಡಾಲರ್ ಕೂಡ ಉಳಿಯುವುದಿಲ್ಲ. 4,40,000ಕ್ಕಿಂತ ಕೆಳಗೆ ಬಂದರೆ ಮಾತ್ರ ಲಾಭ. "ಮೂವತ್ತು ಸಾವಿರ ಇಳಿಸಿದೆ" ಎಂದು ಹೇಳಿಕೊಳ್ಳುವ ಹಲವರಿಗೆ ಬಿಲ್ಲಿನಲ್ಲಿ ಏನೂ ಕಡಿಮೆಯಾಗದಿರುವುದು ಇದಕ್ಕೇ. ಎರಡು ಬೆಲೆಗಳ ನಡುವೆ ಇಷ್ಟೊಂದು ಅಂತರ ಇದ್ದರೆ ಈ ವರ್ಷ ಸುಮ್ನೆ ಇದ್ದರೂ ನಷ್ಟವಿಲ್ಲ. ಅಂತರ ಕಡಿಮೆ ಇದ್ದರೆ ಹಾಕಿ. ಮುಂದಿನ ವರ್ಷ ಕ್ಯಾಪ್ ಮೇಲೆ ಬಂದು ಮಾರ್ಕೆಟ್ ಬೆಲೆಯನ್ನು ಮುಟ್ಟುವಾಗ ಈಗ ಇಳಿಸಿದ್ದು ಕೆಲಸಕ್ಕೆ ಬರುತ್ತದೆ.

ಕ್ಯಾಪ್ ಇಲ್ಲದವರಿಗೆ ಪ್ರೊಟೆಸ್ಟ್‌ನಿಂದ ನೇರ ಲಾಭ. ಮುಖ್ಯವಾಗಿ ಇತ್ತೀಚೆಗೆ ಮನೆ ಕೊಂಡವರು. ಮನೆ ಕೈ ಬದಲಾದಾಗ ಹಳೆಯ ಮಾಲೀಕರ ಕ್ಯಾಪ್ ಹೋಗುತ್ತದೆ. ನಿಮ್ಮದು ಶುರುವಾಗುವುದು ಹೋಮ್‌ಸ್ಟೆಡ್ ಸಿಕ್ಕಿದ ಮರು ವರ್ಷದಿಂದ. ಬಾಡಿಗೆಗೆ ಕೊಟ್ಟ ಮನೆಗೆ ಶೇ 10ರ ಮಿತಿ ಇಲ್ಲ. ಆದರೆ 2024ರಿಂದ 2026ರ ತೆರಿಗೆ ವರ್ಷದವರೆಗೆ, ಸುಮಾರು 50 ಲಕ್ಷ ಡಾಲರ್ ಒಳಗಿನ ಇತರ ಆಸ್ತಿಗಳಿಗೆ ಶೇ 20ರ ತಾತ್ಕಾಲಿಕ ಮಿತಿ ಇದೆ.

ಹೊಸ ಬಡಾವಣೆಯಲ್ಲಿ ಬಿಲ್ಡರ್‌ನಿಂದ ಮನೆ ಕೊಂಡವರಿಗೆ ಇನ್ನೊಂದು ಮಾತು. ಫ್ರಿಸ್ಕೊ, ಪ್ರಾಸ್ಪರ್, ಲಿಯಾಂಡರ್, ಕೇಟಿ ಕಡೆ ನಮ್ಮವರು ಕೊಳ್ಳುವುದು ಹೆಚ್ಚಾಗಿ ಇಂಥ ಮನೆಗಳನ್ನೇ. ನೀವು ಕೊಂಡ ವರ್ಷದ ಜನವರಿ 1ಕ್ಕೆ ಅಲ್ಲಿ ಬರೀ ಸೈಟೋ ಅರ್ಧ ಎದ್ದ ಗೋಡೆಯೋ ಇತ್ತು. ಹಾಗಾಗಿ ಮೊದಲ ವರ್ಷದ ತೆರಿಗೆ ಅಷ್ಟಕ್ಕೇ ಬರುತ್ತದೆ. ಮರು ವರ್ಷ ಪೂರ್ತಿ ಮನೆಗೆ ಬೆಲೆ ಕಟ್ಟುತ್ತಾರೆ, ಬಿಲ್ಲು ಒಮ್ಮೆಲೇ ಹಾರುತ್ತದೆ. ತೆರಿಗೆ ಕಟ್ಟಲೆಂದು ಕಂತಿನ ಜೊತೆ ಬ್ಯಾಂಕ್ ತೆಗೆದಿಡುವ ಎಸ್ಕ್ರೊ ಖಾತೆಯಲ್ಲಿ ದುಡ್ಡು ಸಾಲದೆ ತಿಂಗಳ ಕಂತೂ ಏರುತ್ತದೆ. ಇದು ಅಪ್ರೈಸಲ್ ಡಿಸ್ಟ್ರಿಕ್ಟ್‌ನ ತಪ್ಪಲ್ಲ, ಪ್ರೊಟೆಸ್ಟ್‌ನಲ್ಲಿ ಈ ಕಾರಣ ನಡೆಯುವುದೂ ಇಲ್ಲ. ಆದರೆ ಬಲವಾಗಿ ಪ್ರೊಟೆಸ್ಟ್ ಮಾಡಬೇಕಾದ ವರ್ಷ ಇದೇ. ಈಗ ನಿಂತ ಬೆಲೆಯೇ ಮುಂದಿನ ವರ್ಷಗಳ ಕ್ಯಾಪ್‌ಗೆ ಬುನಾದಿ.

ಹೋಮ್‌ಸ್ಟೆಡ್ ಅರ್ಜಿ ಹಾಕಿದ್ದೀರಾ?

ಪ್ರೊಟೆಸ್ಟ್‌ಗಿಂತ ಮೊದಲು ಇದನ್ನು ನೋಡಿ, ಅನೇಕರಿಗೆ ಇದರಿಂದಲೇ ಜಾಸ್ತಿ ಉಳಿಯುತ್ತದೆ. ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆಯಿಂದ 2023ರಲ್ಲಿ 1,00,000 ಡಾಲರ್ ಕಳೆಯುತ್ತಿದ್ದರು. 2025ರ ನವೆಂಬರ್‌ನಲ್ಲಿ ಮತದಾರರು ಅದನ್ನು 1,40,000ಕ್ಕೆ ಏರಿಸಿದರು. 2025ರ ತೆರಿಗೆ ವರ್ಷಕ್ಕೇ ಅದು ಅನ್ವಯವಾಯಿತು. 65 ದಾಟಿದವರಿಗೆ ಇದರ ಮೇಲೆ ಇನ್ನೂ 60,000. ನಮೂನೆಯ ಸಂಖ್ಯೆ 50-114. ಡ್ರೈವಿಂಗ್ ಲೈಸೆನ್ಸಿನ ವಿಳಾಸ ಮನೆಯ ವಿಳಾಸವೇ ಆಗಿರಬೇಕು. ತಡವಾದರೂ ಸುಮಾರು ಎರಡು ವರ್ಷದ ಹಿಂದಿನದನ್ನು ಕೇಳಿ ಪಡೆಯಬಹುದು. ಅರ್ಜಿಗೆ ಶುಲ್ಕ ಇಲ್ಲ. ಹಣ ಕೊಟ್ಟರೆ ಹಾಕಿಕೊಡುತ್ತೇವೆ ಎಂದು ಸರ್ಕಾರಿ ಪತ್ರದ ಹಾಗೆ ಕಾಣುವ ಕಾಗದ ಬಂದರೆ ಕಸದ ಬುಟ್ಟಿಗೆ ಹಾಕಿ.

ಗಡುವು ಮತ್ತು ಅರ್ಜಿ

ಗಡುವು ಮೇ 15, ಅಥವಾ ನೋಟಿಸ್ ಕಳಿಸಿದ ದಿನದಿಂದ 30 ದಿನ. ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅದು. ನಿಮ್ಮ ನೋಟಿಸಿನ ಮೇಲೆಯೇ ದಿನಾಂಕ ಅಚ್ಚಾಗಿರುತ್ತದೆ, ಅದನ್ನೇ ನಂಬಿ. ಪುರಾವೆ ಸಿದ್ಧವಾಗಿಲ್ಲ ಎಂದು ಕಾಯಬೇಡಿ. ಮೊದಲು ಅರ್ಜಿ ಹಾಕಿ, ಪುರಾವೆ ಆಮೇಲೆ ಹುಡುಕಿದರಾಯಿತು.

ದೊಡ್ಡ ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲೇ ಹಾಕಬಹುದು. ಡಾಲಸ್, ಕಾಲಿನ್, ಡೆಂಟನ್, ಟ್ರಾವಿಸ್, ಹ್ಯಾರಿಸ್, ಫೋರ್ಟ್ ಬೆಂಡ್ ಎಲ್ಲಕ್ಕೂ ಅವರವರ ವೆಬ್‌ಸೈಟ್ ಇದೆ. ಬೇಕಾದ ಪಿನ್ ಸಂಖ್ಯೆ ಸಾಮಾನ್ಯವಾಗಿ ನೋಟಿಸಿನಲ್ಲೇ ಇರುತ್ತದೆ. ಕಾಗದದಲ್ಲಿ ಹಾಕುವವರಿಗೆ ನಮೂನೆ 50-132. ಅದೂ ಸಿಗದಿದ್ದರೆ ನಿಮ್ಮ ಹೆಸರು, ಮನೆಯ ವಿವರ, ಬೆಲೆಗೆ ಒಪ್ಪಿಗೆಯಿಲ್ಲ ಎಂಬ ಮಾತು ಇರುವ ಒಂದು ಪತ್ರವೂ ಕಾನೂನಿನ ಲೆಕ್ಕದಲ್ಲಿ ಸಾಕು.

ಅರ್ಜಿಯಲ್ಲಿ ಕಾರಣಗಳ ಪಟ್ಟಿ ಇರುತ್ತದೆ. ಎರಡಕ್ಕೆ ಗುರುತು ಹಾಕಲೇಬೇಕು. ಮನೆಯ ಬೆಲೆ ಮಾರುಕಟ್ಟೆಗಿಂತ ಜಾಸ್ತಿ ಎಂಬುದು ಒಂದು. ಬೇರೆ ಮನೆಗಳಿಗೆ ಹೋಲಿಸಿದರೆ ನನ್ನದಕ್ಕೆ ಅಸಮಾನವಾಗಿ ಬೆಲೆ ಕಟ್ಟಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಗುರುತು ಹಾಕಿದರೆ ವಿಚಾರಣೆಯ ದಿನ ಎರಡನೆಯದರ ಬಗ್ಗೆ ಮಾತಾಡಲು ಬಿಡದೇ ಇರಬಹುದು. ಗೆಲ್ಲಿಸುವುದು ಹೆಚ್ಚಾಗಿ ಆ ಎರಡನೆಯದೇ.

ಗಡುವು ತಪ್ಪಿತೇ? ನೋಟಿಸೇ ಬಂದಿರಲಿಲ್ಲ ಎಂದಾದರೆ ಅದಕ್ಕೆ ಬೇರೆ ದಾರಿ ಇದೆ. ಬಂದಿದ್ದರೂ ಬಿಟ್ಟವರಿಗೆ ಉಳಿಯುವುದು ಕಷ್ಟದ ದಾರಿ. ಹೋಮ್‌ಸ್ಟೆಡ್ ಮನೆಗೆ ಸರಿಯಾದ ಬೆಲೆಗಿಂತ ಕಾಲು ಭಾಗಕ್ಕೂ ಜಾಸ್ತಿ, ಬೇರೆ ಆಸ್ತಿಗೆ ಮೂರನೇ ಒಂದು ಭಾಗಕ್ಕೂ ಜಾಸ್ತಿ ಕಟ್ಟಿದ್ದಾರೆ ಎಂದು ತೋರಿಸಿದರೆ ತಿದ್ದುಪಡಿ ಕೇಳಬಹುದು. ಅದೂ ಫೆಬ್ರವರಿ 1ರ ಒಳಗೆ, ದಂಡದ ಜೊತೆಗೆ.

ನಿಮ್ಮ ಮನೆಯ ದಾಖಲೆ ಸರಿಯಿದೆಯೇ?

ಅಪ್ರೈಸಲ್ ಡಿಸ್ಟ್ರಿಕ್ಟ್‌ನವರು ನಿಮ್ಮ ಮನೆಯೊಳಗೆ ಬಂದು ನೋಡಿರುವುದಿಲ್ಲ. ಲಕ್ಷಗಟ್ಟಲೆ ಮನೆಗಳಿಗೆ ಒಟ್ಟೊಟ್ಟಿಗೆ ಕಂಪ್ಯೂಟರ್ ಮಾದರಿಯಿಂದ ಬೆಲೆ ಕಟ್ಟುತ್ತಾರೆ. ಆ ಮಾದರಿಗೆ ಹೋಗುವ ವಿವರ ತಪ್ಪಿದ್ದರೆ ಬೆಲೆಯೂ ತಪ್ಪುತ್ತದೆ. ಅವರ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನಿಮ್ಮ ಮನೆಯ ಪುಟ ತೆರೆಯಿರಿ. ಚದರಡಿ, ಕಟ್ಟಿದ ವರ್ಷ, ಬಚ್ಚಲುಮನೆಗಳ ಸಂಖ್ಯೆ, ಗ್ಯಾರೇಜು, ಈಜುಕೊಳ, ಮನೆಯ ದರ್ಜೆ, ಎಲ್ಲ ಒಂದೊಂದಾಗಿ ನೋಡಿ.

ಹೆಚ್ಚು ತಪ್ಪು ಸಿಗುವುದು ಚದರಡಿಯಲ್ಲಿ. ಎರಡಂತಸ್ತಿನ ಮನೆಗಳಲ್ಲಿ ಹಾಲಿನ ಮೇಲ್ಛಾವಣಿ ಎರಡನೇ ಅಂತಸ್ತಿನವರೆಗೆ ಎತ್ತರ ಇರುತ್ತದೆ, ಅಲ್ವಾ? ಮೇಲಿನ ಮಹಡಿಯಲ್ಲಿ ಆ ಜಾಗ ಬರೀ ಗಾಳಿ. ಹೊರಗಿನಿಂದ ಅಳತೆ ಹಾಕಿದವರು ಅದನ್ನೂ ನೆಲ ಎಂದು ಸೇರಿಸಿರುವುದುಂಟು. ಹಾಲು 18 ಅಡಿಗೆ 16 ಅಡಿ ಇದ್ದರೆ 288 ಚದರಡಿ ಹಾಗೇ ಜಾಸ್ತಿಯಾಯಿತು. ಛಾವಣಿ ಇರುವ ಹಿಂದಿನ ಪ್ಯಾಟಿಯೊವನ್ನು ವಾಸದ ಜಾಗಕ್ಕೆ ಸೇರಿಸುವುದು ಇನ್ನೊಂದು ಮಾಮೂಲಿ ತಪ್ಪು. ಸಾಲ ತೆಗೆದಾಗ ಬ್ಯಾಂಕ್ ಮಾಡಿಸಿದ ಅಪ್ರೈಸಲ್ ವರದಿಯಲ್ಲಿ ಒಳಗಿನ ನಕ್ಷೆ ಅಳತೆ ಸಮೇತ ಇರುತ್ತದೆ. ಹುಡುಕಿ ತೆಗೆಯಿರಿ, ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಇಂಥ ತಪ್ಪುಗಳನ್ನು ಅವರು ವಾದ ಮಾಡದೆ ತಿದ್ದುತ್ತಾರೆ.

ಅಂದಹಾಗೆ, ನಿಮ್ಮ ಮನೆಯ ದೊಡ್ಡ ಅಂಶವೊಂದು ಅವರ ದಾಖಲೆಯಲ್ಲಿ ಬಿಟ್ಟುಹೋಗಿದ್ದರೆ ಚದರಡಿಯ ಜಗಳಕ್ಕೆ ಇಳಿಯುವ ಮುಂಚೆ ಒಮ್ಮೆ ಯೋಚಿಸಿ.

ಮಾರುಕಟ್ಟೆ ಬೆಲೆಯ ಪುರಾವೆ

ಇಲ್ಲಿ ಟೆಕ್ಸಸ್‌ನದೊಂದು ವಿಶೇಷ ತಿಳಿದಿರಬೇಕು. ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಸರ್ಕಾರಕ್ಕೆ ಹೇಳಬೇಕು ಎಂಬ ಕಾನೂನು ಈ ರಾಜ್ಯದಲ್ಲಿಲ್ಲ. ಹಾಗಾಗಿ ಕೌಂಟಿಯ ವೆಬ್‌ಸೈಟಿನಲ್ಲಿ ಮಾರಾಟದ ಬೆಲೆ ಸಿಗುವುದಿಲ್ಲ. ಜಿಲ್ಲೊದಂಥ ಮನೆ ಬೆಲೆಯ ವೆಬ್‌ಸೈಟ್ ತೋರಿಸುವುದು ಅಂದಾಜು, ಪುರಾವೆ ಅಲ್ಲ. ನಿಜವಾದ ಬೆಲೆ ಎಂಎಲ್‌ಎಸ್‌ನಲ್ಲಿ, ಅಂದರೆ ಮನೆ ಮಾರಾಟಗಳ ಬಗ್ಗೆ ರಿಯಲ್ಟರ್‌ಗಳು ಇಟ್ಟುಕೊಂಡ ದಾಖಲೆಯಲ್ಲಿ ಇರುತ್ತದೆ. ನಿಮಗೆ ಮನೆ ಕೊಡಿಸಿದ ರಿಯಲ್ಟರ್‌ಗೆ ಒಂದು ಫೋನ್ ಮಾಡಿ. ನಿಮ್ಮದೇ ಬಡಾವಣೆಯಲ್ಲಿ, ನಿಮ್ಮ ಅಳತೆಯ ಹತ್ತಿರದ, ಜನವರಿ 1ರ ಆಸುಪಾಸಿನ ತಿಂಗಳುಗಳಲ್ಲಿ ಮಾರಾಟವಾದ ಮನೆಗಳ ಪಟ್ಟಿ ಕೇಳಿ. ಇಲ್ಲ ಎನ್ನುವವರು ಕಡಿಮೆ, ಮುಂದೆ ನೀವೇ ಗಿರಾಕಿ ಅಂತ ಅವರಿಗೂ ಗೊತ್ತು.

ನೀವೇ ಕಳೆದ ವರ್ಷ ಕೊಂಡಿದ್ದು, ಕೊಟ್ಟ ಬೆಲೆ ನೋಟಿಸಿನ ಬೆಲೆಗಿಂತ ಕಡಿಮೆ ಇದ್ದರೆ ಖರೀದಿ ಮುಗಿಸಿದಾಗ ಸಿಕ್ಕ ಕ್ಲೋಸಿಂಗ್ ಪತ್ರಗಳೇ ದೊಡ್ಡ ಅಸ್ತ್ರ. ಕೊಂಡದ್ದು ಜನವರಿ 1ಕ್ಕೆ ಹತ್ತಿರವಾದಷ್ಟೂ ಅದರ ತೂಕ ಜಾಸ್ತಿ. ನೀವು ಜಾಸ್ತಿ ಕೊಟ್ಟಿದ್ದರೆ? ನೀವಾಗಿಯೇ ಹೇಳಬೇಕೆಂಬ ಕಡ್ಡಾಯ ಇಲ್ಲ. ಆದರೆ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಮಾತಾಡುತ್ತೀರಿ, ಸುಳ್ಳಂತೂ ಹೇಳಬೇಡಿ. ಅಂಥವರು ಅಸಮಾನತೆಯ ವಾದವನ್ನೇ ಹಿಡಿಯುವುದು ಒಳ್ಳೆಯದು.

ಇನ್ನು ಮನೆಯ ಸ್ಥಿತಿ. ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಅನೇಕ ಕಡೆ ಜೇಡಿ ಮಣ್ಣು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮೇಲಿನ ಕಾಂಕ್ರೀಟ್ ಸ್ಲ್ಯಾಬ್ ಅಲುಗಾಡುತ್ತದೆ. ಬಾಗಿಲಿನ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು, ಚಿಲಕ ಕೂರದ ಬಾಗಿಲು, ಇಟ್ಟಿಗೆಯ ನಡುವೆ ಮೆಟ್ಟಿಲ ಹಾಗೆ ಒಡೆದ ಗಾರೆ, ಇವೆಲ್ಲ ಫೌಂಡೇಶನ್ ಸಮಸ್ಯೆಯ ಗುರುತು. ಫೋಟೊ ತೆಗೆದರೆ ಸಾಲದು. ಫೌಂಡೇಶನ್ ರಿಪೇರಿಯವರಿಂದ ಲಿಖಿತ ಅಂದಾಜು ತನ್ನಿ. "ಬಿರುಕು ಇದೆ" ಅಂದರೆ ತಲೆ ಆಡಿಸುತ್ತಾರೆ. "ರಿಪೇರಿಗೆ 18,000 ಡಾಲರ್, ಇಲ್ಲಿದೆ ಕಾಗದ" ಅಂದರೆ ಬರೆದುಕೊಳ್ಳುತ್ತಾರೆ. ಹಳೆಯ ಛಾವಣಿ, ಕೊನೆಯುಸಿರಿನಲ್ಲಿರುವ ಎಸಿ, ಹಿತ್ತಲಿಗೆ ತಾಗಿದ ಹೆದ್ದಾರಿ ಅಥವಾ ವಿದ್ಯುತ್ ಗೋಪುರ ಇವೂ ಲೆಕ್ಕಕ್ಕೆ ಬರುತ್ತವೆ.

ಆದರೆ ಜನವರಿ 1 ಎಂಬುದನ್ನು ಮರೆಯಬೇಡಿ. ಏಪ್ರಿಲ್‌ನ ಆಲಿಕಲ್ಲು ಮಳೆಗೆ ಹಾಳಾದ ಛಾವಣಿ ಈ ವರ್ಷಕ್ಕೆ ನಡೆಯುವುದಿಲ್ಲ.

ಅಸಮಾನತೆಯ ವಾದ: ಅವರ ಲೆಕ್ಕ, ಅವರ ಮುಂದೆಯೇ

ಟೆಕ್ಸಸ್ ತೆರಿಗೆ ಸಂಹಿತೆಯ ಸೆಕ್ಷನ್ 41.43 ಮನೆ ಮಾಲೀಕರಿಗೆ ಒಂದು ಒಳ್ಳೆಯ ಬಾಗಿಲು ತೆರೆದಿಟ್ಟಿದೆ. ಹೋಲಿಕೆಯಾಗುವಂಥ ಕೆಲವು ಮನೆಗಳನ್ನು ತೆಗೆದುಕೊಂಡು, ವ್ಯತ್ಯಾಸಗಳನ್ನು ಹೊಂದಿಸಿ, ಅವುಗಳ ಬೆಲೆಯ ಮಧ್ಯದ ಸಂಖ್ಯೆ ಹುಡುಕಬೇಕು. ನಿಮ್ಮ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಅದು ಅಸಮಾನ. ಇಲ್ಲಿ ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದೇ ಬೇಡ. ಪಕ್ಕದ ಮನೆಗಳಿಗೆ ಡಿಸ್ಟ್ರಿಕ್ಟ್ ಕಟ್ಟಿದ ಬೆಲೆ ಸಾಕು. ಅದು ಎಲ್ಲರಿಗೂ ತೆರೆದ ದಾಖಲೆ. ಎಷ್ಟು ಮನೆ ಬೇಕು ಎಂದು ಕಾನೂನು ಹೇಳಿಲ್ಲ, ಸಮಂಜಸ ಸಂಖ್ಯೆ ಎಂದಷ್ಟೇ ಹೇಳಿದೆ. ಐದರಿಂದ ಹತ್ತು ತೆಗೆದುಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ.

ಡಿಸ್ಟ್ರಿಕ್ಟ್ ವೆಬ್‌ಸೈಟಿನ ನಕ್ಷೆ ತೆರೆದು ನಿಮ್ಮ ಬೀದಿಯಿಂದ ಶುರುಮಾಡಿ. ಒಂದೇ ಬಡಾವಣೆ, ಒಂದೇ ದರ್ಜೆ, ಕಟ್ಟಿದ ವರ್ಷದಲ್ಲಿ ನಾಲ್ಕೈದು ವರ್ಷದೊಳಗಿನ ವ್ಯತ್ಯಾಸ, ಚದರಡಿಯಲ್ಲಿ ಶೇ 10ರ ಒಳಗೆ. ಒಂದೇ ಬಿಲ್ಡರ್‌ನ ಅದೇ ನಕ್ಷೆಯ ಮನೆ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಲೆಕ್ಕ. ನಿಮ್ಮ ಮನೆ 2,800 ಚದರಡಿ, ಈಜುಕೊಳ ಇಲ್ಲ, ಬೆಲೆ 5,20,000 ಅಂದುಕೊಳ್ಳಿ. ಕ್ಯಾಪ್ ಇನ್ನೂ ಶುರುವಾಗಿಲ್ಲ. ಎರಡು ಮನೆ ಆಚೆಗಿನದು 2,900 ಚದರಡಿ, ಈಜುಕೊಳ ಇದೆ, ಬೆಲೆ 5,02,000. ದೊಡ್ಡ ಮನೆ, ಮೇಲಿಂದ ಈಜುಕೊಳ, ಆದರೂ ನಿಮಗಿಂತ ಕಡಿಮೆ! ಅವರ ದಾಖಲೆಯಲ್ಲಿ ಆ ಈಜುಕೊಳಕ್ಕೆ 30,000 ಅಂತ ಇದೆ ಅನ್ನಿ. ಚದರಡಿಗೆ ಅವರು ಹೊಂದಿಸುವ ದರ 80 ಡಾಲರ್ ಅನ್ನಿ. 100 ಚದರಡಿಗೆ 8,000. ಎರಡನ್ನೂ ಕಳೆದರೆ ಆ ಮನೆ ನಿಮ್ಮ ಮನೆಯ ಹಾಗೇ ಇದ್ದಿದ್ದರೆ 4,64,000 ಆಗುತ್ತಿತ್ತು. ಅವರ ಮನೆ ನಿಮ್ಮದಕ್ಕಿಂತ ಚಿಕ್ಕದಿದ್ದರೆ ಕಳೆಯುವ ಬದಲು ಕೂಡಿಸಬೇಕು. ದಿಕ್ಕು ತಪ್ಪುವುದು ಇಲ್ಲೇ. ನೀವು ಯಾವಾಗಲೂ ಪಕ್ಕದ ಮನೆಯನ್ನು ನಿಮ್ಮ ಮನೆಯ ಹಾಗೆ ಮಾಡುತ್ತಿದ್ದೀರಿ, ನಿಮ್ಮ ಮನೆಯನ್ನು ಮುಟ್ಟುತ್ತಿಲ್ಲ.

ಹೀಗೇ ಐದು ಮನೆಗೆ ಮಾಡಿ. 4,64,000, 4,79,000, 4,88,000, 4,96,000, 5,11,000 ಅಂತ ಬಂತು ಅನ್ನೋಣ. ಸಾಲಾಗಿ ಜೋಡಿಸಿದಾಗ ನಡುವೆ ನಿಂತದ್ದು 4,88,000. ಸರಾಸರಿ ಅಲ್ಲ, ಮಧ್ಯದ್ದು. ನೀವು ಕೇಳಬೇಕಾದ ಬೆಲೆ ಅದೇ. ಇಳಿತ 32,000 ಡಾಲರ್. ಶೇ 2ರ ದರದಲ್ಲಿ 640 ಡಾಲರ್ ಉಳಿತಾಯ.

ಕಡಿಮೆ ಬೆಲೆಯ ಮನೆಗಳನ್ನೇ ಆರಿಸಿ ಹಾಕಬೇಡಿ. ಪಕ್ಕದಲ್ಲೇ ಇರುವ, ನಿಮ್ಮದೇ ನಕ್ಷೆಯ, ಜಾಸ್ತಿ ಬೆಲೆಯ ಮನೆಯನ್ನು ಬಿಟ್ಟು ಅರ್ಧ ಮೈಲಿ ಆಚೆಗೆ ಹೋದದ್ದು ಕಂಡರೆ ಇಡೀ ಪಟ್ಟಿಯ ಮೇಲೆ ಅನುಮಾನ ಬರುತ್ತದೆ. ಮೇಲಿನ ಪಟ್ಟಿಯಲ್ಲಿ 5,11,000ದ ಮನೆಯನ್ನೂ ಇಟ್ಟಿರುವುದು ಅದಕ್ಕೇ. ಅದು ಪಟ್ಟಿಯ ತುದಿಯಲ್ಲಿದೆ, ಅದರ ಬೆಲೆ ಇನ್ನೂ ಜಾಸ್ತಿ ಇದ್ದಿದ್ದರೂ ನಡುವಿನ ಸಂಖ್ಯೆ ಅಲುಗುತ್ತಿರಲಿಲ್ಲ.

ಅವರ ಪುರಾವೆಯ ಕಟ್ಟು ತರಿಸಿಕೊಳ್ಳಿ

ವಿಚಾರಣೆಯಲ್ಲಿ ಡಿಸ್ಟ್ರಿಕ್ಟ್ ಏನು ತೋರಿಸಲಿದೆಯೋ ಅದನ್ನು ಮೊದಲೇ ನೋಡುವ ಹಕ್ಕು ನಿಮಗಿದೆ. ಅರ್ಜಿ ಹಾಕುವಾಗಲೇ ಲಿಖಿತವಾಗಿ ಕೇಳಿ. ವಿಚಾರಣೆಗೆ 14 ದಿನ ಮುಂಚೆ ಸಿಗಬೇಕು, ಅದೂ ಉಚಿತವಾಗಿ. ನೀವು ಕೇಳಿಯೂ ಅವರು ಕೊಡದೇ ಇದ್ದದ್ದನ್ನು ಆ ದಿನ ಬಳಸುವಂತಿಲ್ಲ.

ಈ ಕಟ್ಟು ಬಂಗಾರ. ಬೇರೆ ಕಡೆ ಸುಲಭವಾಗಿ ಸಿಗದ ಮಾರಾಟದ ಬೆಲೆಗಳು ಇದರಲ್ಲಿ ಇರುತ್ತವೆ. ಚದರಡಿಗೆ, ಈಜುಕೊಳಕ್ಕೆ, ದರ್ಜೆಗೆ ಅವರು ಎಷ್ಟು ಹೊಂದಿಸುತ್ತಾರೆ ಎಂಬುದೂ ಕಾಣುತ್ತದೆ. ಮೇಲಿನ ಲೆಕ್ಕಕ್ಕೆ ಆ ದರಗಳನ್ನೇ ಹಾಕಿ. ಸ್ವಂತ ದರ ಹಾಕಿದರೆ "ಇದೆಲ್ಲಿಂದ ಬಂತು?" ಅಂತ ಕೇಳುತ್ತಾರೆ. ಅವರದೇ ಹಾಕಿದರೆ ಕೇಳಲು ಏನೂ ಇಲ್ಲ. ಅವರು ಆರಿಸಿದ ಮನೆಗಳನ್ನೂ ಜರಡಿ ಹಿಡಿಯಿರಿ. ಪೂರ್ತಿ ನವೀಕರಿಸಿದ ಮನೆಯನ್ನು ನಿಮ್ಮ 2005ರ ಅಡಿಗೆಮನೆಯ ಜೊತೆ ಹೋಲಿಸಿದ್ದಾರೆಯೇ? ಕೆರೆಯ ದಂಡೆಯ ಮನೆ ಇದೆಯೇ? ಬೇರೆ ಶಾಲಾ ಜಿಲ್ಲೆಯದೇ? ಎಂಎಲ್‌ಎಸ್ ಫೋಟೊಗಳು ಸಿಕ್ಕರೆ ಒಳಗಿನ ವ್ಯತ್ಯಾಸ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮೊದಲ ಮಾತುಕತೆ

ಬೋರ್ಡಿನ ಮುಂದೆ ಹೋಗುವ ಮೊದಲು ಅಪ್ರೈಸರ್ ಒಬ್ಬರ ಜೊತೆ ಅನೌಪಚಾರಿಕ ಮಾತುಕತೆ ಇರುತ್ತದೆ. ಕೆಲವು ಕಡೆ ಫೋನಿನಲ್ಲಿ, ಕೆಲವು ಕಡೆ ಆನ್‌ಲೈನ್‌ನಲ್ಲೇ. ಹ್ಯಾರಿಸ್ ಕೌಂಟಿಯ ಐಸೆಟಲ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಿಮ್ಮ ಬೆಲೆ ಮತ್ತು ಪುರಾವೆ ಹಾಕಿದರೆ ಅವರೊಂದು ಬೆಲೆ ತಿರುಗಿ ಕಳಿಸುತ್ತಾರೆ. ಬಹಳ ಪ್ರೊಟೆಸ್ಟ್‌ಗಳು ಮುಗಿಯುವುದು ಈ ಹಂತದಲ್ಲೇ.

ಆ ಅಪ್ರೈಸರ್‌ಗೆ ದಿನವಿಡೀ ಇದೇ ಕೆಲಸ. ಬೈಸಿಕೊಂಡೂ ಬೈಸಿಕೊಂಡೂ ಸಾಕಾಗಿರುತ್ತದೆ. ಎರಡು ಪುಟದ ಶುದ್ಧ ಲೆಕ್ಕ ಮುಂದಿಟ್ಟು ಸಮಾಧಾನದಿಂದ ಮಾತಾಡುವವರು ಅವರಿಗೂ ಇಷ್ಟ. ಅವರು ಹೇಳಿದ ಬೆಲೆ ನಿಮ್ಮ ಲೆಕ್ಕಕ್ಕೆ ಹತ್ತಿರವಿದ್ದರೆ ಒಪ್ಪಿಕೊಳ್ಳಿ. ಆದರೆ ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು, ಆ ವರ್ಷಕ್ಕೆ ಮೇಲ್ಮನವಿ ಇಲ್ಲ. ಕ್ಯಾಪ್ ಇರುವವರು ಆ ಬೆಲೆಯಿಂದ ಅಪ್ರೈಸ್ಡ್ ವ್ಯಾಲ್ಯೂ ನಿಜವಾಗಿ ಇಳಿಯುತ್ತದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ನಯವಾಗಿ ಬೇಡ ಎಂದು ಹೇಳಿ ವಿಚಾರಣೆಗೆ ಹೋಗಿ.

ವಿಚಾರಣೆಯ ದಿನ

ಅಪ್ರೈಸಲ್ ರಿವ್ಯೂ ಬೋರ್ಡು, ಅಂದರೆ ಎಆರ್‌ಬಿ, ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ ಬೇರೆ. ಅದರ ಸದಸ್ಯರು ಸ್ಥಳೀಯ ನಾಗರಿಕರು. ಸಾಮಾನ್ಯವಾಗಿ ಮೂವರು ಕೂರುತ್ತಾರೆ. ವಿಚಾರಣೆಯ ದಿನಾಂಕವನ್ನು ಕನಿಷ್ಠ 15 ದಿನ ಮೊದಲೇ ತಿಳಿಸುತ್ತಾರೆ. ಆಗುವುದಿಲ್ಲ ಎಂದಾದರೆ ಒಂದು ಸಲ ಕಾರಣ ಹೇಳದೆ ಮುಂದೂಡಿಸಬಹುದು. ಏಜೆಂಟ್ ಇಟ್ಟುಕೊಂಡವರಿಗೆ ಈ ಸೌಲಭ್ಯ ಇಲ್ಲ. ಹೋಗಲಾಗದವರು ಫೋನ್ ಅಥವಾ ವಿಡಿಯೊ ಮೂಲಕ ಹಾಜರಾಗಬಹುದು, ಅದಕ್ಕೆ 10 ದಿನ ಮೊದಲೇ ಬರೆದು ಕೇಳಬೇಕು. ಸುಮ್ಮನೆ ಹೋಗದೇ ಇದ್ದರೆ ಪ್ರೊಟೆಸ್ಟ್ ವಜಾ. ಒಳ್ಳೆಯ ಕಾರಣ ಇದ್ದರೆ ನಾಲ್ಕು ದಿನದೊಳಗೆ ಬರೆದು ಇನ್ನೊಂದು ದಿನಾಂಕ ಕೇಳಬಹುದು.

ಪುರಾವೆಯ ಐದು ಪ್ರತಿ ಒಯ್ಯಿರಿ: ಸದಸ್ಯರಿಗೆ ಮೂರು, ಅಪ್ರೈಸರ್‌ಗೆ ಒಂದು, ನಿಮಗೆ ಒಂದು. ಮೊದಲೇ ಆನ್‌ಲೈನ್‌ನಲ್ಲಿ ಹಾಕಿ ಎಂದು ಹೇಳಿದ್ದರೆ ಅದನ್ನೂ ಮಾಡಿ. ಫೋನಿನ ಪರದೆಯಲ್ಲಿ ಫೋಟೊ ತೋರಿಸಲು ಹೋಗಬೇಡಿ, ಅದನ್ನು ಅವರು ಇಟ್ಟುಕೊಳ್ಳಲಾಗುವುದಿಲ್ಲ.

ಸಮಯ ಹೆಚ್ಚೆಂದರೆ ಹದಿನೈದು ನಿಮಿಷ ಅಂದುಕೊಂಡೇ ಹೋಗಿ. ಮೊದಲ ಮಾತಿನಲ್ಲೇ ಬೆಲೆ ಹೇಳಿ: ನೋಟಿಸಿನಲ್ಲಿ 5,20,000 ಇದೆ, ನಾನು ಕೇಳುತ್ತಿರುವುದು 4,88,000, ಕಾರಣ ಇಂತಿಂಥದು. ಮೊದಲು ದಾಖಲೆಯ ತಪ್ಪು, ಆಮೇಲೆ ಹೋಲಿಕೆಯ ಪಟ್ಟಿ, ಕೊನೆಗೆ ರಿಪೇರಿಯ ಅಂದಾಜು. ಸಂಬಳ, ಮಕ್ಕಳ ಕಾಲೇಜು, ಪಕ್ಕದ ಮನೆಯವರಿಗೆ ಶೇಕಡಾ ಎಷ್ಟು ಏರಿತು, ಇದು ಯಾವುದೂ ಬೇಡ. ಅಪ್ರೈಸರ್ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಅವರ ಸರದಿ ಮುಗಿದ ಮೇಲೆ ಪ್ರಶ್ನೆ ಕೇಳುವ ಅವಕಾಶ ನಿಮಗಿದೆ. "ನಿಮ್ಮ ಪಟ್ಟಿಯ ಎರಡನೇ ಮನೆ ನವೀಕರಿಸಿದ್ದು, ಅದಕ್ಕೆ ಎಷ್ಟು ಕಳೆದಿದ್ದೀರಿ?" ಇಂಥ ಒಂದೇ ಒಂದು ಪ್ರಶ್ನೆ ಹತ್ತು ನಿಮಿಷದ ಭಾಷಣಕ್ಕಿಂತ ಮೇಲು.

ಬೆಲೆ ಸರಿ ಎಂದು ಸಾಬೀತು ಮಾಡುವ ಹೊರೆ ಡಿಸ್ಟ್ರಿಕ್ಟ್ ಮೇಲಿದೆ, ನಿಮ್ಮ ಮೇಲಲ್ಲ. 10 ಲಕ್ಷ ಡಾಲರ್ ಒಳಗಿನ ಮನೆಗೆ ಲೈಸೆನ್ಸ್ ಇರುವ ಅಪ್ರೈಸರ್‌ನ ವರದಿಯನ್ನು 14 ದಿನ ಮುಂಚೆ ಸಲ್ಲಿಸಿದರೆ ಆ ಹೊರೆ ಇನ್ನೂ ಭಾರವಾಗುತ್ತದೆ. ವರದಿಗೆ ಕೆಲವು ನೂರು ಡಾಲರ್ ಬೀಳುವುದರಿಂದ ದೊಡ್ಡ ಇಳಿತದ ನಿರೀಕ್ಷೆ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಸದಸ್ಯರು ನಿಮ್ಮ ಎದುರಿಗೇ ಚರ್ಚಿಸಿ ಬೆಲೆ ಹೇಳುತ್ತಾರೆ. ಲಿಖಿತ ಆದೇಶ ಆಮೇಲೆ ಬರುತ್ತದೆ.

ಏಜೆಂಟ್ ಬೇಕೇ?

ನಿಮ್ಮ ಪರವಾಗಿ ಇದನ್ನೆಲ್ಲ ಮಾಡುವ ಕಂಪನಿಗಳಿವೆ. ಉಳಿದ ತೆರಿಗೆಯಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತಾರೆ. ಬಾಡಿಗೆ ಮನೆಗಳು ಮೂರು ನಾಲ್ಕು ಇರುವವರಿಗೆ, ಭಾರತಕ್ಕೆ ಹೋಗಿರುವವರಿಗೆ ಇದು ಅನುಕೂಲ. ಒಂದೇ ಮನೆ ಇರುವವರು ಒಂದು ಶನಿವಾರ ಕೂತರೆ ತಾವೇ ಮಾಡಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹಿತ್ತಲಿನ ಬಿರುಕು ಏಜೆಂಟ್‌ಗೆ ಗೊತ್ತಿರುವುದಿಲ್ಲ. ಕೊಟ್ಟರೂ ಒಪ್ಪಂದದಲ್ಲಿ ಒಂದು ಸಾಲು ಹುಡುಕಿ: ಅವರ ಪಾಲು ನಿಜವಾಗಿ ಉಳಿದ ತೆರಿಗೆಯ ಮೇಲೋ, ಮಾರ್ಕೆಟ್ ವ್ಯಾಲ್ಯೂ ಇಳಿದದ್ದರ ಮೇಲೋ? ಎರಡನೆಯದಾದರೆ ಕ್ಯಾಪ್ ಇರುವವರು ಏನೂ ಉಳಿಯದೆ ಶುಲ್ಕ ಕಟ್ಟಬೇಕಾಗುತ್ತದೆ. ನಮೂನೆ 50-162ಕ್ಕೆ ಸಹಿ ಹಾಕಿದ ಮೇಲೆ ಪತ್ರಗಳು ಅವರಿಗೆ ಹೋಗಬಹುದು, ನಿಮಗೆ ಬರದೇ ಇರಬಹುದು. ಅದೂ ನೆನಪಿರಲಿ.

ಆದೇಶ ಬಂದ ಮೇಲೆ

ಬೋರ್ಡಿನ ಬೆಲೆಯೂ ಒಪ್ಪಿಗೆಯಾಗದಿದ್ದರೆ ಆದೇಶ ಕೈಸೇರಿದ 60 ದಿನದೊಳಗೆ ಮುಂದಿನ ಹೆಜ್ಜೆ ಇಡಬೇಕು. ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಒಂದು ಮನೆಗೆ ಆ ಖರ್ಚು ಗಿಟ್ಟುವುದು ಕಡಿಮೆ. ಮನೆ ಮಾಲೀಕರಿಗೆ ಹೊಂದುವುದು ಬೈಂಡಿಂಗ್ ಆರ್ಬಿಟ್ರೇಶನ್, ಅಂದರೆ ಮಧ್ಯಸ್ಥರೊಬ್ಬರು ಕೊಡುವ, ಇಬ್ಬರೂ ಒಪ್ಪಲೇಬೇಕಾದ ತೀರ್ಪು. ಸ್ವಂತ ವಾಸದ ಮನೆ 5,00,000 ಡಾಲರ್ ಒಳಗಿದ್ದರೆ ಠೇವಣಿ 450 ಡಾಲರ್, ಅದಕ್ಕಿಂತ ಮೇಲಿದ್ದರೆ 500. ಮಧ್ಯಸ್ಥರು ಕೊಟ್ಟ ಬೆಲೆ ಡಿಸ್ಟ್ರಿಕ್ಟ್‌ನದಕ್ಕಿಂತ ನಿಮ್ಮ ಬೆಲೆಗೆ ಹತ್ತಿರ ಇದ್ದರೆ 50 ಡಾಲರ್ ಹಿಡಿದುಕೊಂಡು ಉಳಿದದ್ದು ವಾಪಸ್. ಇಲ್ಲದಿದ್ದರೆ ಅದು ಮಧ್ಯಸ್ಥರ ಶುಲ್ಕಕ್ಕೆ ಹೋಗುತ್ತದೆ. ಹಾಗಾಗಿ ಅರ್ಜಿಯಲ್ಲಿ ಬರೆಯುವ ನಿಮ್ಮ ಬೆಲೆ ಆಸೆಯ ಬೆಲೆ ಆಗಬಾರದು. 4,88,000ಕ್ಕೆ ಲೆಕ್ಕ ಇದ್ದರೆ ಅದನ್ನೇ ಬರೆಯಿರಿ. 4,00,000 ಬರೆದರೆ ಎರಡು ಬೆಲೆಗಳ ನಡುವಿನ ಗೆರೆ ಕೆಳಗೆ ಸರಿದು, ಮಧ್ಯಸ್ಥರ ಬೆಲೆ ಡಿಸ್ಟ್ರಿಕ್ಟ್‌ನದಕ್ಕೇ ಹತ್ತಿರವಾಗಬಹುದು.

ಇದು ನಡೆಯುತ್ತಿರುವಾಗಲೂ ತೆರಿಗೆ ಕಟ್ಟುವುದು ನಿಲ್ಲಿಸಬೇಡಿ. ಬಿಲ್ಲು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಬರುತ್ತದೆ, ಜನವರಿ 31ರೊಳಗೆ ಕಟ್ಟಬೇಕು. ತಕರಾರಿಲ್ಲದ ಭಾಗವನ್ನಾದರೂ ಕಟ್ಟದೇ ಹೋದರೆ ಮೇಲ್ಮನವಿಯ ಹಕ್ಕೇ ಹೋಗುತ್ತದೆ. ಎಸ್ಕ್ರೊ ಇದ್ದವರಿಗೆ ಬ್ಯಾಂಕ್ ಕಟ್ಟುತ್ತದೆ. ಬೆಲೆ ಇಳಿದ ಆದೇಶದ ಪ್ರತಿಯನ್ನು ಬ್ಯಾಂಕಿಗೆ ಕಳಿಸಿ ಎಸ್ಕ್ರೊ ಲೆಕ್ಕ ಮರುಪರಿಶೀಲಿಸಿ ಎಂದು ಕೇಳಿ, ತಾನಾಗಿಯೇ ಆಗುತ್ತದೆ ಎಂದು ಕೂರಬೇಡಿ.

ಆದೇಶವನ್ನು ಮುಂದಿನ ವರ್ಷಕ್ಕೂ ಎತ್ತಿಡಿ. ಪ್ರೊಟೆಸ್ಟ್‌ನಲ್ಲಿ ಇಳಿದ ಬೆಲೆಯನ್ನು ಮರು ವರ್ಷ ಏರಿಸಬೇಕಾದರೆ ಡಿಸ್ಟ್ರಿಕ್ಟ್ ಸ್ಪಷ್ಟವಾದ, ಮನವರಿಕೆಯಾಗುವ ಪುರಾವೆ ಕೊಡಬೇಕು ಎಂದು ಸೆಕ್ಷನ್ 23.01 ಹೇಳುತ್ತದೆ. ಮುಂದಿನ ಏಪ್ರಿಲ್‌ನ ನೋಟಿಸಿನಲ್ಲಿ ಬೆಲೆ ಮತ್ತೆ ಹಾರಿದ್ದರೆ ಅಪ್ರೈಸರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಆ ಪುರಾವೆ ಎಲ್ಲಿದೆ?